ಇಂಗ್ಲೆಂಡಿನ ಕಾರಿನ ಅಸಲಿ ಬಣ್ಣ

ಅಸಲಿ ಯಾವುದು, ನಕಲಿ ಯಾವುದು ಎಂದು ಕಂಡುಹಿಡಿಯುವ ವಿಷಯದಲ್ಲಿ ನನ್ನನ್ನು ಮೀರಿಸುವವರು ಅರಕಲಗೂಡು ತಾಲ್ಲೂಕಿನಲ್ಲಿ ಯಾರೂ ಇಲ್ಲ ಎಂದು ಹೋದ ವರ್ಷದವರೆಗೂ ನಾನು ದೃಢವಾಗಿ ನಂಬಿದ್ದೆ. ತುಪ್ಪವನ್ನು ಮೂಸಿ ಹೇಳುತ್ತಿದ್ದೆ. ಜೇನನ್ನು ನಾಲಿಗೆಗೆ ಹಚ್ಚಿ ಹೇಳುತ್ತಿದ್ದೆ. ರೇಷ್ಮೆ ಸೀರೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ಹೇಳುತ್ತಿದ್ದೆ. ನಾನು ಹೇಳಿದ್ದು ನಿಜವೋ ಸುಳ್ಳೋ ಎಂದು ಪರೀಕ್ಷೆ ಮಾಡಲು ಯಾರೂ ಹೋಗಿರಲಿಲ್ಲವಾದ್ದರಿಂದ ನನ್ನ ಕೀರ್ತಿಗೆ ಯಾವ ಧಕ್ಕೆಯೂ ಬಂದಿರಲಿಲ್ಲ.

ಈ ನಂಬಿಕೆಗೆ ಕಾರಣವೂ ಇತ್ತು. ರಾಮನಾಥಪುರದ ಪಕ್ಕದಲ್ಲಿ ನಮ್ಮದು ಹೊಗೆಸೊಪ್ಪಿನ ಬೇಸಾಯ. ಹೊಗೆಸೊಪ್ಪಿನ ಹರಾಜು ನೋಡಿದವರಿಗೆ ಗೊತ್ತಿರುತ್ತದೆ: ಒತ್ತಿ ಕಟ್ಟಿದ ಹೊರೆಯ ಮೇಲ್ಭಾಗದಲ್ಲಿ ಕಾಣುವ ಸೊಪ್ಪನ್ನು ಯಾವ ವ್ಯಾಪಾರಿಯೂ ನಂಬುವುದಿಲ್ಲ. ಕೈ ಒಳಗೆ ತೂರಿಸಿ ನಡುವಿನಿಂದ ನಾಲ್ಕು ಎಲೆ ಎಳೆದು ನೋಡುತ್ತಾನೆ. ಏಕೆಂದರೆ ಮೇಲೆ ಚಿನ್ನದ ಬಣ್ಣದ ಸೊಪ್ಪಿಟ್ಟು, ನಡುವೆ ಸುಟ್ಟದ್ದು, ಮುರಿದದ್ದು, ಹಸಿರು ಉಳಿದದ್ದು ಎಲ್ಲವನ್ನೂ ತುರುಕುವ ಜನ ಇದ್ದಾರೆ. ಅಂಥವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದೆರಡು ಸಲ ಕನ್ನಡಿಯಲ್ಲೂ ಕಂಡಿದ್ದೇನೆ! ಆದ್ದರಿಂದ ಮೇಲೆ ಕಾಣುವುದು ಸುಳ್ಳು, ಒಳಗೆ ಅಡಗಿರುವುದೇ ಅಸಲಿ ಎಂಬುದು ಮೂವತ್ತು ವರ್ಷದ ಹರಾಜು ನನಗೆ ಕಲಿಸಿದ ಪಾಠ. ಈ ಪಾಠವನ್ನು ಹೊಗೆಸೊಪ್ಪಿಗೆ ಮಾತ್ರ ಇಟ್ಟುಕೊಂಡು ಸುಮ್ಮನಿದ್ದಿದ್ದರೆ ನಾನು ಇವತ್ತು ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ನುಗ್ಗೇಹಳ್ಳಿಯಲ್ಲಿ ನನ್ನ ದೊಡ್ಡಪ್ಪನ ಮಗ ರಂಗಣ್ಣ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದ. ಹೋಳಿಗೆ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, ಅವನು ತೆಂಗಿನಕಾಯಿ ತುಂಬುವ ಕೊಟ್ಟಿಗೆಯ ಕಡೆ ಸುಮ್ಮನೆ ಹೆಜ್ಜೆ ಹಾಕಿದೆ. ಒಣಗಿದ ಗರಿ, ಮಟ್ಟೆಗಳ ರಾಶಿಯೊಳಗಿಂದ ಒಂದು ದುಂಡಗಿನ ದೀಪ ನನ್ನನ್ನೇ ನೋಡುತ್ತಿತ್ತು. ಗರಿ ಸರಿಸಿದೆ. ಎರಡನೆಯ ದೀಪ ಕಾಣಿಸಿತು. ಇನ್ನಷ್ಟು ಸರಿಸಿದೆ. ಹೊಸ ಪಂಚೆ ಪರ್ರೆಂದು ಹರಿಯಿತು. ಲೆಕ್ಕಿಸಲಿಲ್ಲ!

ಕಾರು! ಅಂತಿಂಥ ಕಾರಲ್ಲ. ಎರಡೇ ಎರಡು ಸೀಟು. ಮುಕ್ಕಾಲು ಪಾಲು ಬರೀ ಬಾನೆಟ್ಟು. ಮೊಣಕೈ ಹೊರಗೆ ಚಾಚಿ ಕೂರಲೆಂದೇ ತಗ್ಗಾಗಿ ಕೊಯ್ದ ಪುಟ್ಟ ಬಾಗಿಲುಗಳು. ಸೈಕಲ್ಲಿನಂತೆ ಕಡ್ಡಿಗಳಿರುವ ಚಕ್ರಗಳು, ಅವುಗಳ ನಡುವೆ ಎರಡು ಕಿವಿಯ ದಪ್ಪ ನಟ್ಟು. ಮುಂದಕ್ಕೆ ಮಡಚಿ ಮಲಗಿಸಬಹುದಾದ ಗಾಜು. ತಲೆಯ ಮೇಲೆ ಆಕಾಶ ಬಿಟ್ಟರೆ ಬೇರೇನೂ ಇಲ್ಲ. ಒಳಗೆ ಕೂತು ಕೈ ಇಳಿಬಿಟ್ಟರೆ ನೆಲ ಮುಟ್ಟಬಹುದು! ಧೂಳು ಹಿಡಿದ ಹಸಿರು ಮೈ, ಬಿರುಕು ಬಿಟ್ಟ ಚರ್ಮದ ಸೀಟು, ಹಳೆಯ ಪೆಟ್ರೋಲು ಮತ್ತು ತೆಂಗಿನ ನಾರು ಬೆರೆತ ವಾಸನೆ. ಐವತ್ತನಾಲ್ಕು ವರ್ಷದ ನನ್ನ ಎದೆ ಹದಿನೆಂಟರಂತೆ ಹೊಡೆದುಕೊಂಡಿತು. ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಇಷ್ಟು ಹೊಡೆದುಕೊಂಡಿರಲಿಲ್ಲ. ಈ ಮಾತನ್ನು ನನ್ನ ಹೆಂಡತಿ ಭಾಗ್ಯಳಿಗೆ ಯಾರೂ ಓದಿ ಹೇಳಬಾರದಾಗಿ ವಿನಂತಿ.

"ಅದಾ? ಇಂಗ್ಲೆಂಡಿಂದು ಕಣಪ್ಪ," ಎಂದ ರಂಗಣ್ಣ. "ಆಸನ ಪ್ಯಾಟೆನಾಗೆ ಒಬ್ರು ಡಾಕ್ಟ್ರಿದ್ರು. ಊರು ಬುಟ್ಟೋಗೋವಾಗ ನಮ್ಮಪ್ಪಂಗೆ ಕೊಟ್ಟೋದ್ರು. ಅವತ್ತು ಮುಚ್ಚಿಟ್ಟಿದ್ದು, ಒಂದು ಮೊಳೆನೂವೆ ಯಾರೂ ಮುಟ್ಟಿಲ್ಲ. ಎಂಗೆ ಬಂತೋ ಅಂಗೇ ಐತೆ."

ಮಾರುವವನು ಹೇಳುವ ಮಾತೇ ಇದು ಎಂದು ನಾನು ಒಳಗೊಳಗೇ ನಕ್ಕೆ. ಕಾರಿಗೆ ಬದಲಾಗಿ ನನ್ನ ಪವರ್ ಟಿಲ್ಲರ್ ಕೊಡುತ್ತೇನೆ ಎಂದೆ. ನಾನು ಮನಸ್ಸು ಬದಲಾಯಿಸುವ ಮೊದಲೇ ರಂಗಣ್ಣ ಕಾರಿನ ಮೇಲಿದ್ದ ಉಳಿದ ಗರಿಗಳನ್ನೆಲ್ಲ ತೆಗೆದುಹಾಕಿದ.

ಮುಂದಿನ ವಾರ ಟಿಲ್ಲರ್ ನುಗ್ಗೇಹಳ್ಳಿಗೆ ಹೋಯಿತು, ಕಾರು ಗೂಡ್ಸ್ ಗಾಡಿಯ ಮೇಲೆ ಕೂತು ನಮ್ಮೂರಿಗೆ ಹೊರಟಿತು. ಚನ್ನರಾಯಪಟ್ಟಣದಲ್ಲಿ ಟೀಗೆ ನಿಲ್ಲಿಸಿದರೆ ಜನ ಮುತ್ತಿದರು. ಹೊಳೆನರಸೀಪುರದಲ್ಲಿ ಒಬ್ಬರು ತಮ್ಮ ಮಗನ ಮದುವೆಗೆ ಬಾಡಿಗೆಗೆ ಬರುತ್ತದೆಯೇ ಎಂದು ಕೇಳಿದರು. ಅರಕಲಗೂಡಿನಲ್ಲಿ ಒಬ್ಬಾತ ಮುಟ್ಟಿ ಕಣ್ಣಿಗೊತ್ತಿಕೊಂಡ! ನಾನು ಗಾಡಿಯ ಮೇಲೆ, ಕಾರಿನ ಸ್ಟೀರಿಂಗ್ ಹಿಡಿದುಕೊಂಡೇ ಕೂತು, ಎಲ್ಲರಿಗೂ ಕೈಮುಗಿಯುತ್ತಾ ಊರು ಸೇರಿದೆ.

ಭಾಗ್ಯ ಬಾಗಿಲಲ್ಲೇ ನಿಂತಿದ್ದಳು.

"ಟಿಲ್ಲರ್ ಎಲ್ರೀ?"

"ಇದೇ," ಎಂದೆ.

"ಇದ್ರಲ್ಲಿ ಉಳಾಕಾಯ್ತದಾ?"

"ಇದು ಉಳುವ ವಸ್ತುವಲ್ಲ ಭಾಗ್ಯ. ಇದು ಕಲೆ."

ಅವಳು ಫೋನ್ ತೆಗೆದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು ಐದಾರು ಫೋಟೋ ಹೊಡೆದಳು. ನನ್ನ ಮನಸ್ಸು ಅರಳಿತು. "ನೆನಪಿಗಾ?" ಎಂದೆ.

"ಮಾರಾಕೆ," ಎಂದಳು.

ಕಾರನ್ನು ನಮ್ಮ ಎರಡನೆಯ ಬ್ಯಾರನ್ನಿನಲ್ಲಿ ನಿಲ್ಲಿಸಿದೆ. ಬ್ಯಾರನ್ ಎಂದರೆ ಹೊಗೆಸೊಪ್ಪನ್ನು ಬೆಂಕಿಯ ಶಾಖದಲ್ಲಿ ಹದ ಮಾಡುವ ಎತ್ತರದ ಮನೆ. ಅಲ್ಲಿ ಕೂತು ಫೋನಿನಲ್ಲಿ ಹಳೆಯ ಕಾರುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ನೋಡತೊಡಗಿದೆ. ಆಗ ನನಗೊಂದು ಜ್ಞಾನೋದಯವಾಯಿತು. ಈ ಕಾರುಗಳ ಲೋಕದಲ್ಲಿ ಹೊಳಪಿಗೆ ಬೆಲೆಯಿಲ್ಲ. ಫ್ಯಾಕ್ಟರಿಯಿಂದ ಹೇಗೆ ಹೊರಬಂತೋ ಹಾಗೇ ಉಳಿದದ್ದಕ್ಕೆ ಬೆಲೆ. ಹೊಸ ಸೀಟು ಹಾಕಿದರೆ ಪಾಪ. ಹೊಸ ಸ್ಕ್ರೂ ಹಾಕಿದರೂ ಪಾಪ. ಅಸಲಿಯನ್ನು ಕಾಪಾಡುವ ಕೆಲಸ! ನನಗಲ್ಲದೆ ಇನ್ಯಾರಿಗೆ ಹೇಳಿ ಮಾಡಿಸಿದ್ದು ಇದು?

ಇಂಜಿನ್ ನೋಡಲು ಅರಕಲಗೂಡಿನಿಂದ ಪುಟ್ಟಸ್ವಾಮಾಚಾರಿ ಬಂದ. ಟ್ರ್ಯಾಕ್ಟರಿನಿಂದ ಹಿಡಿದು ಹಿಟ್ಟಿನ ಗಿರಣಿಯವರೆಗೆ ಅವನ ಕೈಯಲ್ಲಿ ಓಡದ ಯಂತ್ರವಿಲ್ಲ. ಆದರೆ ಅವನು ಬಾಯಿ ತೆರೆದಾಗಲೆಲ್ಲ ನನಗೆ ಅಪಚಾರ ಕೇಳಿಸುತ್ತಿತ್ತು.

"ಸಾ, ಇಂಡಿಕೇಟರ್ ಇಲ್ಲ. ಎಲ್ಡು ಆಕ್ಬುಡ್ಲಾ?"

"ಮುಟ್ಟಬೇಡ! ಮೊದಲೇ ಇರಲಿಲ್ಲ."

"ಆರನ್ ಒತ್ತಿದ್ರೆ ಕೆಮ್ತದೆ. ಲಾರಿದು ಒಂದೈತೆ..."

"ಕೆಮ್ಮಲಿ! ಅದು ಇಂಗ್ಲೆಂಡಿನ ಕೆಮ್ಮು!"

ಆಚಾರಿ ಒಳ್ಳೆಯ ಮನುಷ್ಯ. ನಿಟ್ಟುಸಿರು ಬಿಟ್ಟು, ಇದ್ದ ಸಾಮಾನನ್ನೇ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಕೂರಿಸಿ, ತಿಂಗಳೊಪ್ಪತ್ತಿನಲ್ಲಿ ಕಾರಿಗೆ ಜೀವ ತಂದ. ಮೊದಲ ದಿನ ಕೀಲಿ ತಿರುಗಿಸಿದಾಗ ಹಿಂದುಗಡೆಯಿಂದ ಲೊಚ್, ಲೊಚ್, ಲೊಚ್ ಎಂದಿತು. ಪೆಟ್ರೋಲ್ ಪಂಪಿನ ಸದ್ದು ಅದು. ಕಾಫಿ ತಂದಿದ್ದ ಭಾಗ್ಯ ತಕ್ಷಣ ನೆಲಕ್ಕೆ ಬೆರಳು ಬಡಿದು "ಕೃಷ್ಣ ಕೃಷ್ಣ" ಎಂದಳು. ಹಲ್ಲಿ ಎಂದುಕೊಂಡಿದ್ದಳು! "ನಾನು ಇದನ್ನ ಮಾರ್ಬೇಕು ಅಂತ ಮನಸ್ನಲ್ಲಿ ಅಂದ್ಕಂಡೆ, ಅಷ್ಟ್ರಲ್ಲಿ ಲೊಚಗುಟ್ತು. ಶುಭ ಶಕುನ," ಎಂದಳು. ಅಂದಿನಿಂದ ನಾನು ಅವಳೆದುರಿಗೆ ಕೀಲಿ ತಿರುಗಿಸುವುದನ್ನೇ ಬಿಟ್ಟೆ.

ಇಂಜಿನ್ ಓಡಿತೇನೋ ಸರಿ; ಆದರೆ ಉಬ್ಬಸದವರಂತೆ ಏದುಸಿರು ಬಿಡುತ್ತಿತ್ತು. ಈ ಕಾರಿಗೆ ಗಾಳಿ ಮತ್ತು ಪೆಟ್ರೋಲು ಬೆರೆಸುವ ಕಾರ್ಬರೇಟರು ಒಂದಲ್ಲ, ಎರಡು. ಎರಡೂ ಒಂದೇ ಸಮ ಉಸಿರು ಎಳೆಯಬೇಕು. ಹಿಂದಿನ ಕಾಲದವರು ಕಿವಿಗೆ ರಬ್ಬರ್ ಕೊಳವೆ ಇಟ್ಟುಕೊಂಡು, ಎರಡರ ಸುಂಯ್ ಸದ್ದನ್ನೂ ಕೇಳಿ ಹೊಂದಿಸುತ್ತಿದ್ದರಂತೆ. ಆಚಾರಿಯ ಕಿವಿ ಐವತ್ತು ವರ್ಷ ಟ್ರ್ಯಾಕ್ಟರಿನ ಪಕ್ಕದಲ್ಲಿ ಕಳೆದ ಕಿವಿ. ಎರಡೂ ಒಂದೇ ಎಂದ. ನನ್ನ ಕಿವಿಯೂ ಒಂದೇ ಎಂದಿತು. ಇಂಜಿನ್ ಮಾತ್ರ ಒಪ್ಪಲಿಲ್ಲ.

ಆಗ ನನಗೆ ಹೊಳೆದವರು ಶಾಮಣ್ಣ ಮೇಷ್ಟ್ರು. ರುದ್ರಪಟ್ಟಣದವರು, ಎಂಬತ್ತರ ಹತ್ತಿರ ವಯಸ್ಸು, ಆಯುಷ್ಯವೆಲ್ಲ ಸಂಗೀತ ಪಾಠ ಹೇಳಿದವರು. ತಂಬೂರಿ ಶ್ರುತಿ ಮಾಡಲು ಕೂತರೆ ಕೇಳುವವರು ಒಂದು ನಿದ್ದೆ ತೆಗೆದು ಎದ್ದರೂ ಮುಗಿಯದಷ್ಟು ನಿಖರ. ಅವರನ್ನು ಬೈಕಿನ ಮೇಲೆ ಕೂರಿಸಿಕೊಂಡು ಬಂದೆ. ಮೇಷ್ಟ್ರು ಬ್ಯಾರನ್ನಿನಲ್ಲಿ ಮಣೆ ಹಾಕಿಸಿಕೊಂಡು ಕೂತು, ಕೊಳವೆಯನ್ನು ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿದರು.

"ಅಯ್ಯಯ್ಯೋ! ಗೌಡ್ರೆ, ಮುಂದಿನದು ಷಡ್ಜಕ್ಕೆ ನಿಂತಿದೆ. ಹಿಂದಿನದು ಕೂದಲೆಳೆ ಕೆಳಗಿದೆ. ಇದನ್ನು ಹೇಗೆ ಸಹಿಸಿಕೊಂಡಿದ್ದೀರಿ?"

"ಸರಿ ಮಾಡ್ಬೋದಾ ಮೇಷ್ಟ್ರೇ?"

"ಹೂಂ, ತಿರುಗಿಸಪ್ಪ ಆಚಾರಿ. ಸ್ವಲ್ಪ. ಅತಿಯಾಯ್ತು. ಇಳಿಸು. ಇನ್ನು ಅರ್ಧದಷ್ಟು ಇಳಿಸು. ಹಾಂ! ನಿಲ್ಲಿಸು! ಸೇರಿತು!"

ಆ ಕ್ಷಣ ಇಂಜಿನ್ ಜೇನುಗೂಡಿನಂತೆ ಗುಂಯ್‌ಗುಡತೊಡಗಿತು. ನಾನು ರೋಮಾಂಚನದಿಂದ ಆಚಾರಿಯನ್ನು ತಬ್ಬಿಕೊಂಡೆ, ಮೈಯೆಲ್ಲ ಗ್ರೀಸಾಯಿತು. ಮೇಷ್ಟ್ರು ತೊಡೆಯ ಮೇಲೆ ತಾಳ ಹಾಕುತ್ತಾ ಅದೇ ಶ್ರುತಿಗೆ ಒಂದು ವರ್ಣ ಹಾಡಿಯೇ ಬಿಟ್ಟರು. ಹೋಗುವಾಗ ನನ್ನ ಭುಜ ತಟ್ಟಿ, "ಗುರುಗಳು ಹೇಳಿಕೊಟ್ಟ ಪಾಠಾಂತರವನ್ನು ನಾವು ಹೇಗೆ ಕೆಡಿಸುವುದಿಲ್ಲವೋ ಹಾಗೆ ನೀವು ಇದನ್ನು ಕೆಡಿಸಬೇಡಿ ಗೌಡ್ರೆ. ಇದ್ದ ಹಾಗೇ ಇರಲಿ," ಎಂದರು. ಅವರ ಕಾಲು ಮುಟ್ಟಿ ನಮಸ್ಕರಿಸಿದೆ. ಅವರ ಮಾತನ್ನು ಎಷ್ಟು ಚೆನ್ನಾಗಿ ನಡೆಸಿಕೊಟ್ಟೆ ಎಂಬುದನ್ನು ಮುಂದೆ ಓದುವಿರಿ.

ಸೊಪ್ಪು ಮುರಿಯುವ ಕಾಲ ಹತ್ತಿರವಾಯಿತು. ಒಂದು ಬೆಳಿಗ್ಗೆ ಭಾಗ್ಯ ರಾಗಿರೊಟ್ಟಿಯ ಜೊತೆಗೆ ತನ್ನ ತೀರ್ಪನ್ನೂ ಬಡಿಸಿದಳು.

"ನೋಡಿ, ಬ್ಯಾರನ್ ಖಾಲಿಯಾಗ್ಬೇಕು. ಚನ್ನರಾಯಪಟ್ಟಣದ ನಮ್ಮ ಯೋಗೇಶ ಫೋಟೋ ನೋಡವ್ನೆ. ಓಟ್ಲು ಮುಂದೆ ನಿಲ್ಲಿಸ್ಕತೀನಿ ಅಕ್ಕ ಅಂತವ್ನೆ."

ಯೋಗೇಶ ಅವಳ ಚಿಕ್ಕಮ್ಮನ ಮಗ. ಹೆದ್ದಾರಿಯ ಪಕ್ಕ ದೊಡ್ಡ ಹೋಟೆಲ್ಲು ಇಟ್ಟಿದ್ದಾನೆ.

"ನಿಲ್ಲಿಸಿಕೊಂಡು ಏನು ಮಾಡುತ್ತಾನಂತೆ?"

"ಬಂದೋರು ಸೆಲ್ಫಿ ತಕ್ಕೊಳಾಕೆ. ಇಂಜಿನ್ ಕಿತ್ತಾಕಿ, ಬಾನೆಟ್ ಒಳಗೆ ಮಣ್ಣು ತುಂಬಿ ಕ್ರೋಟನ್ ಗಿಡ ನೆಡ್ತಾನಂತೆ."

ರೊಟ್ಟಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಮೇಷ್ಟ್ರು ಶ್ರುತಿ ಮಾಡಿದ ಕಾರ್ಬರೇಟರಿನ ಜಾಗದಲ್ಲಿ ಕ್ರೋಟನ್! ನಾನು ಬೇಡಿದೆ, ಗೋಗರೆದೆ. ಹಾಸನದಲ್ಲಿ ಬರುವ ತಿಂಗಳು ಹಳೆಯ ಕಾರುಗಳ ಪ್ರದರ್ಶನವಿದೆ, ಅಲ್ಲಿ ಮೂಲ ಸ್ಥಿತಿಯಲ್ಲಿರುವ ಕಾರುಗಳಿಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡುತ್ತಾರೆ ಎಂದೆ. ಭಾಗ್ಯ ಒಲೆಯಿಂದ ಹಂಚು ಇಳಿಸಿದಳು.

"ಸರಿ. ಸರ್ಟಿಫಿಕೇಟು ಬಂದ್ರೆ ಕಾರು ಇರ್ಲಿ, ನಾನೇ ಒಂದು ಶೆಡ್ ಆಕುಸ್ಕೊಡ್ತೀನಿ. ಬರ್ಲಿಲ್ವಾ, ಯೋಗೇಶಂಗೆ. ಆಮ್ಯಾಕೆ ಮಾತಿಲ್ಲ."

"ಮಾತಿಲ್ಲ!" ಎಂದೆ ನಾನು, ಎದೆ ಉಬ್ಬಿಸಿ. ನನಗೆ ಎಳ್ಳಷ್ಟೂ ಭಯವಿರಲಿಲ್ಲ. ಒಂದು ಸ್ಕ್ರೂ ಸಹ ಬದಲಾಗದ ಕಾರು ನನ್ನದು!

ಒಂದೇ ಒಂದು ಅನುಮಾನ ನನ್ನನ್ನು ಕೊರೆಯುತ್ತಿತ್ತು. ಅದು ಆ ಹಸಿರು ಬಣ್ಣ.

ನಮ್ಮ ಕಡೆ ಯಾವುದಕ್ಕಾದರೂ ಒಂದೇ ಸಲ ಬಣ್ಣ ಹೊಡೆದು ಸುಮ್ಮನಿದ್ದದ್ದುಂಟೇ? ಗೋಡೆಗೆ ಹಬ್ಬಕ್ಕೊಂದು ಸಲ ಸುಣ್ಣ. ಬಾಗಿಲಿಗೆ ಮದುವೆಗೊಂದು ಸಲ ಬಣ್ಣ. ನಮ್ಮ ಮನೆಯ ಮುಂಬಾಗಿಲನ್ನು ಕೆರೆದರೆ ನೀಲಿ, ಅದರ ಕೆಳಗೆ ಹಳದಿ, ಅದರ ಕೆಳಗೆ ನನ್ನ ಅಜ್ಜಿಯ ಮದುವೆಯ ಹಸಿರು ಸಿಗುತ್ತದೆ. ಅಂದಮೇಲೆ ಇಷ್ಟು ವಯಸ್ಸಾದ ಕಾರಿನ ಮೇಲೆ ಕಾಣುತ್ತಿರುವ ಬಣ್ಣ ಅಸಲಿಯಾಗಿರಲು ಹೇಗೆ ಸಾಧ್ಯ? ಡಾಕ್ಟರೋ, ಅವರ ಡ್ರೈವರೋ, ಯಾರೋ ಬಳಿದ ಹಸಿರು ಅದು! ಮೇಲಿನ ಸೊಪ್ಪನ್ನು ನಂಬಬಾರದು. ಕೈಯನ್ನು ನಡುವಿಗೇ ತೂರಿಸಬೇಕು.

ಬ್ಲೇಡು ತಂದು ಬಾಗಿಲ ಕೆಳಗೆ ಒಂದು ಬೆರಳಗಲ ಕೆರೆದೆ. ಹಸಿರಿನ ಕೆಳಗೆ ಬೂದಿ ಬಣ್ಣ! "ನೋಡಿದೆಯಾ!" ಎಂದು ಒಬ್ಬನೇ ಕೂಗಿಕೊಂಡೆ. ಇನ್ನೂ ಕೆರೆದೆ. ಬೂದಿಯ ಕೆಳಗೆ ಕೆಂಪು! ನನಗೆ ಕುಣಿಯುವಂತಾಯಿತು. ಕೆಂಪು ಸ್ಪೋರ್ಟ್ಸ್ ಕಾರು! ಕಾರು ಎಂದರೆ ಕೆಂಪೇ ತಾನೇ? ಹಿಂದಿನವರು ಅನ್ಯಾಯವಾಗಿ ಮುಚ್ಚಿಟ್ಟಿದ್ದ ಸತ್ಯವನ್ನು ರಾಮನಾಥಪುರದ ಒಬ್ಬ ರೈತ ಬೆಳಕಿಗೆ ತಂದ!

"ಕೆರೀಬ್ಯಾಡಿ ಸಾ," ಎಂದ ಆಚಾರಿ. "ಮ್ಯಾಲ್ಗಡೆದು ಚೆನ್ನಾಗಿ ಕಚ್ಕಂಡೈತೆ."

"ನಿನಗೆ ಇಂಜಿನ್ ಗೊತ್ತು. ಅಸಲಿ-ನಕಲಿ ನನಗೆ ಗೊತ್ತು."

ಹದಿನೆಂಟು ದಿನ! ನೀರು ಹಚ್ಚಿ ಉಜ್ಜುವ ಮರಳುಕಾಗದ ಹಿಡಿದು ಹದಿನೆಂಟು ದಿನ ಉಜ್ಜಿದೆ. ಬೆರಳ ತುದಿ ಸವೆದು ಫೋನು ನನ್ನ ಬೆರಳಚ್ಚನ್ನೇ ಗುರುತು ಹಿಡಿಯಲಿಲ್ಲ. ಹಸಿರನ್ನೂ ಬೂದಿಯನ್ನೂ ಕಳೆದು, ಕೆಂಪು ಬಂದ ತಕ್ಷಣ ನಿಲ್ಲಿಸಿ, ಅದರ ಮೇಲೆ ಒಂದು ಗೀರೂ ಬೀಳದಂತೆ ಕಾಪಾಡಿ, ಕೊನೆಗೆ ಇಡೀ ಕಾರನ್ನು ಕೊಬ್ಬರಿ ಎಣ್ಣೆಯಿಂದ ಒರೆಸಿದೆ. ಭಾಗ್ಯ ಬಂದು ನೋಡಿದಳು.

"ನಮ್ಮ ಗೇಟಿಗೆ ಬಣ್ಣ ಹೊಡಿಯೋಕೆ ಮುಂಚೆ ಪೇಂಟ್ರು ಇದೇ ತರದ್ದು ಏನೋ ಬಳ್ದಿದ್ದ ಅಲ್ವಾ?"

"ಅದು ಗೇಟು. ಇದು ಇಂಗ್ಲೆಂಡು," ಎಂದು ಅವಳ ಬಾಯಿ ಮುಚ್ಚಿಸಿದೆ.

ಇಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತೇನೋ. ಪ್ರದರ್ಶನದ ಹಿಂದಿನ ದಿನ ಬಾನೆಟ್ ಎತ್ತಿ ನೋಡುತ್ತೇನೆ, ಒಳಗಿನ ಗೋಡೆಗೆ ಬಡಿದಿದ್ದ ಅಂಗೈಯಗಲದ ಹಿತ್ತಾಳೆ ತಗಡು ಮಸಿ ಹಿಡಿದು ಕಪ್ಪಾಗಿತ್ತು. ಕಾರಿನ ನಂಬರು, ಇಂಜಿನ್ ನಂಬರು, ಫ್ಯಾಕ್ಟರಿಯ ಹೆಸರು ಎಲ್ಲ ಇರುವ ತಗಡು ಅದು. ಕಾರಿನ ಜಾತಕವಿದ್ದ ಹಾಗೆ. ಪರೀಕ್ಷಕರು ಮೊದಲು ನೋಡುವುದೇ ಅದನ್ನಂತೆ. ಮಸಿ ಹಿಡಿದ ಹಿತ್ತಾಳೆಗೆ ನಮ್ಮ ಮನೆಗಳಲ್ಲಿ ಏನು ಮಾಡುತ್ತೇವೆ? ಒಂದು ಹಿಡಿ ಹುಣಸೆಹಣ್ಣು ನೆನೆಸಿ, ರಂಗೋಲಿ ಪುಡಿ ಸೇರಿಸಿ, ದೇವರ ದೀಪ ಉಜ್ಜುವ ಹಾಗೆ ಭಕ್ತಿಯಿಂದ ಉಜ್ಜಿದೆ. ಮೊದಲು ಮಸಿ ಹೋಯಿತು. ಆಮೇಲೆ ಉತ್ಸಾಹ ಬಂತು. ಕೊನೆಗೆ ತೊಳೆದು ನೋಡಿದರೆ ತಗಡು ಬಂಗಾರದಂತೆ ಥಳಥಳ! ಅಕ್ಷರಗಳು ಸ್ವಲ್ಪ ಮಸುಕಾದಂತೆ ಕಂಡವು. ಹೊಳಪಿನಿಂದ ಕಣ್ಣು ಕೋರೈಸುತ್ತಿದೆ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಭಾಗ್ಯಳನ್ನೂ ಹೊರಡಿಸಿಕೊಂಡು ಹಾಸನಕ್ಕೆ ಹೋದೆ. ಅವಳು ಕಾರಿನಲ್ಲಿ ಕೂತದ್ದು ಅದೇ ಮೊದಲು. ಅಸಲಿ ಟೈರು ಸವೆಯಬಾರದೆಂದು ನಾನು ಎತ್ತಿನಗಾಡಿಯ ವೇಗದಲ್ಲಿ ಓಡಿಸಿದೆ. ದಾರಿಯ ಉದ್ದಕ್ಕೂ ಅವಳು ಒಂದೇ ಮಾತಾಡಿದ್ದು: "ಬಸ್ಸಿಗೆ ಓಗಿದ್ರೆ ಇಷ್ಟೊತ್ತಿಗೆ ಊಟ ಮುಗಿಸ್ಕೊಂಡು ವಾಪಸ್ ಬರ್ಬೋದಿತ್ತು."

ಮೈದಾನದ ತುಂಬ ಮೈಸೂರು, ಬೆಂಗಳೂರಿನಿಂದ ಬಂದ ಹಳೆಯ ಕಾರುಗಳು. ಒಂದಕ್ಕಿಂತ ಒಂದು ಚೆಂದ! ನಾನು ಒಂದೊಂದರ ಮುಂದೂ ನಿಂತು ಬಾಯಿ ಬಿಟ್ಟು ನೋಡಿದೆ. ಆದರೂ ನನ್ನ ಕೆಂಪು ಕಾರಿನ ಪಕ್ಕ ನಿಂತಾಗ ಬಂದ ಹೆಮ್ಮೆಯೇ ಬೇರೆ. ಪರೀಕ್ಷಕರು ಬಂದರು. ಬಿಳಿ ಟೋಪಿ, ಕೈಯಲ್ಲಿ ಟಾರ್ಚು, ಜೇಬಿನಲ್ಲಿ ಭೂತಗನ್ನಡಿ, ತುಂಬ ಸಂಭಾವಿತ ಹಿರಿಯರು. ಕಾರಿನ ಸುತ್ತ ಒಂದು ಸುತ್ತು ಬಂದರು. ಸೀಟು ನೋಡಿ "ಭೇಷ್" ಎಂದರು. ಕೆಮ್ಮುವ ಹಾರನ್ ಒತ್ತಿ "ಆಹಾ" ಎಂದರು. ಇಂಜಿನ್ ಶುರು ಮಾಡಿಸಿ, ಕಿವಿಗೊಟ್ಟು ಕೇಳಿ, "ಇಷ್ಟು ಚೆನ್ನಾಗಿ ಟ್ಯೂನ್ ಮಾಡಿದ ಮೆಕ್ಯಾನಿಕ್ ಯಾರು ಸಾರ್?" ಎಂದು ಕೇಳಿದರು. "ಕರ್ನಾಟಕ ಸಂಗೀತದವರು," ಎಂದೆ. ಅವರಿಗೆ ಅರ್ಥವಾಗಲಿಲ್ಲ. ನಾನು ಭಾಗ್ಯಳ ಕಡೆ ನೋಡಿ ಹುಬ್ಬು ಕುಣಿಸಿದೆ.

"ಎಲ್ಲ ಚೆನ್ನಾಗಿದೆ," ಎಂದರು ಪರೀಕ್ಷಕರು. "ಪೇಂಟ್ ಯಾವಾಗ ಮಾಡಿಸ್ತೀರಿ?"

"ಯಾವ ಪೇಂಟು ಸಾರ್?"

"ಇದು ಪ್ರೈಮರ್ ಅಲ್ವೇ? ತುಕ್ಕು ಹಿಡಿಯಬಾರದು ಅಂತ ಫ್ಯಾಕ್ಟರಿಯಲ್ಲಿ ಮೊದಲು ಬಳಿಯೋ ಕೆಂಪು. ಅದರ ಮೇಲೆ ಬೂದಿ ಬಣ್ಣದ್ದು ಇನ್ನೊಂದು. ಅದರ ಮೇಲೆ ಅಸಲಿ ಬಣ್ಣ."

ಬಾಗಿಲ ಕೆಳಗೆ ಮೊದಲು ಬ್ಲೇಡು ಹಾಕಿದ ಜಾಗಕ್ಕೆ ನನ್ನ ಕಣ್ಣು ಹೋಯಿತು. ಆದರೂ ಮೂವತ್ತು ವರ್ಷ ಹರಾಜಿನಲ್ಲಿ ನಿಂತವನು ನಾನು. ಮುಖದ ಮೇಲೆ ಏನನ್ನೂ ತೋರಿಸದೆ, "ನನಗೆ ಸಿಕ್ಕಾಗಲೇ ಹೀಗಿತ್ತು ಸಾರ್," ಎಂದೆ.

ಆಗ ಭಾಗ್ಯ ಮುಂದೆ ಬಂದಳು. ಅವಳಿಗೆ ಸುಳ್ಳು ಆಗಿಬರುವುದಿಲ್ಲ. "ಇಲ್ಲ ಸಾ, ಇವ್ರಿಗೆ ಮರ್ತೋಗದೆ. ಮೊದ್ಲು ಇಂಗಿತ್ತು ನೋಡಿ," ಎಂದು ಫೋನ್ ಅವರ ಕೈಗೆ ಕೊಟ್ಟಳು.

ಪರೀಕ್ಷಕರು ಫೋಟೋ ನೋಡಿದರು. ದೊಡ್ಡದು ಮಾಡಿ ನೋಡಿದರು. ಭೂತಗನ್ನಡಿ ಹಿಡಿದು ನೋಡಿದರು.

"ಅಯ್ಯೋ ಭಗವಂತ! ಈ ಹಸಿರು! ಫ್ಯಾಕ್ಟರಿ ಹಸಿರು! ಒಂದು ಕಡೆಯೂ ತೇಪೆಯಿಲ್ಲ! ಅಮ್ಮಾ, ಇಂಥದ್ದನ್ನು ಹುಡುಕಿಕೊಂಡು ಎಷ್ಟು ಊರು ಅಲೆದಿದ್ದೀನಿ ಗೊತ್ತಾ? ಎಲ್ಲಿದೆ ಈ ಕಾರು? ಇದನ್ನು ಮುಟ್ಟದೆ ಕಾಪಾಡಿದ ಪುಣ್ಯಾತ್ಮ ಯಾರು? ಅವರ ಕಾಲಿಗೆ ಬೀಳಬೇಕು ನಾನು!"

ನಾನು ಮೆಲ್ಲಗೆ ಕಾಲನ್ನು ಹಿಂದಕ್ಕೆ ಎಳೆದುಕೊಂಡೆ.

"ಇದೇ ಸಾ ಅದು," ಎಂದಳು ಭಾಗ್ಯ, ಕೆಂಪು ಕಾರನ್ನು ತೋರಿಸಿ. "ಅದಿನೆಂಟು ದಿನ ಉಜ್ಜವ್ರೆ."

ಪರೀಕ್ಷಕರು ಪಕ್ಕದಲ್ಲಿದ್ದ ಕುರ್ಚಿಯ ಮೇಲೆ ಕುಸಿದು ಕೂತರು. ಯಾರೋ ನೀರು ತಂದುಕೊಟ್ಟರು. ಅದನ್ನು ಕುಡಿದು ಸುಧಾರಿಸಿಕೊಂಡು, "ಹೋಗಲಿ, ನಂಬರ್ ತಗಡಾದರೂ ನೋಡೋಣ. ಏನಾದರೂ ಮಾಡಬಹುದೇನೋ," ಎಂದು ಎದ್ದು ಬಾನೆಟ್ಟಿನೊಳಗೆ ಟಾರ್ಚು ಬಿಟ್ಟರು. ಒಂದು ಅಕ್ಷರವಿಲ್ಲ, ಒಂದು ಅಂಕಿಯಿಲ್ಲ. ತಗಡಿನಲ್ಲಿ ಅವರ ಮುಖವೇ ಸ್ಪಷ್ಟವಾಗಿ ಕಂಡಿತು. ಅವರು ಟೋಪಿ ಸರಿಮಾಡಿಕೊಂಡರು.

ಅರ್ಜಿಯನ್ನು ತಿರಸ್ಕರಿಸಿದರು. ಕೆಳಗೆ ಷರಾ ಬರೆದರು: "ಸರಿಪಡಿಸಲಾಗದಷ್ಟು ಸರಿಪಡಿಸಲಾಗಿದೆ."

ಹಾಸನ ಬಿಡುವಾಗ ನನ್ನ ಕಣ್ಣಲ್ಲಿ ನೀರಿತ್ತು. ಸುಳ್ಳೇಕೆ ಹೇಳಲಿ, ಅತ್ತುಬಿಟ್ಟೆ. ಸರ್ಟಿಫಿಕೇಟು ಹೋಯಿತೆಂದಲ್ಲ. ಗರಿಯ ರಾಶಿಯೊಳಗೆ ಅಷ್ಟು ವರ್ಷ ಯಾರ ಕೈಗೂ ಸಿಗದೆ ಚೊಕ್ಕವಾಗಿ ಉಳಿದಿದ್ದ ಒಂದು ವಸ್ತು, ಅದನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವನ ಕೈಯಲ್ಲೇ ಹಾಳಾಯಿತಲ್ಲ ಎಂದು. ಇನ್ನು ಮೇಲೆ ಕ್ರೋಟನ್ ಗಿಡ. ಕಣ್ಣು ಮಂಜಾಗಿ ಕಾರು ರಸ್ತೆಯ ಆಚೀಚೆ ಓಲಾಡಿತು.

"ನಿಲ್ಸಿ," ಎಂದಳು ಭಾಗ್ಯ. "ನೀವು ಈ ಕಡೆ ಬನ್ನಿ. ನಾನ್ ಓಡಿಸ್ತೀನಿ."

"ಇದು ನೀನು ತವರಿನಲ್ಲಿ ಓಡಿಸುತ್ತಿದ್ದ ಟ್ರ್ಯಾಕ್ಟರ್ ಅಲ್ಲ ಭಾಗ್ಯ."

"ಇನ್ನೇನು ಒರಿಜಿನಲ್ಲು ಅಂತ ಉಳ್ಸಿದೀರಿ ಕೆಡಾಕೆ? ಇಳೀರಿ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೇರ್ ಹಾಕಿ, ಕಾಲು ಒತ್ತಿದಳು. ಅಯ್ಯೋ! ಇಷ್ಟು ದಿನ ನಾನು ಕಾರನ್ನು ಮುದ್ದಿನಿಂದ ಸವರಿದ್ದೆನೇ ಹೊರತು, ಓಡಿಸಿರಲೇ ಇಲ್ಲ ಎಂದು ಆಗ ಗೊತ್ತಾಯಿತು. ಕಾರು ಬಾಣದಂತೆ ಚಿಮ್ಮಿತು! ಗಾಳಿ ಮುಖಕ್ಕೆ ಬಡಿಯಿತು. ರಸ್ತೆ ನಮ್ಮ ಪಕ್ಕದಲ್ಲೇ, ಕೈಗೆ ಸಿಗುವಷ್ಟು ಹತ್ತಿರದಲ್ಲಿ ಹರಿಯಿತು. ಇಂಜಿನ್ನಿನ ದನಿ ಮಂದ್ರದಿಂದ ತಾರಕ್ಕೆ ಏರಿತು. ತಿರುವಿನಲ್ಲಿ ಕಾರು ನೆಲಕ್ಕೆ ಅಂಟಿಕೊಂಡಂತೆ ತಿರುಗಿತು. ಭಾಗ್ಯ ಒಂದು ಬಸ್ಸನ್ನು ಹಿಂದೆ ಹಾಕಿದಳು. ಇನ್ನೊಂದನ್ನು ಹಾಕಿದಳು. ಮೂರನೆಯದನ್ನು ಹಾಕುವಾಗ ಜೋರಾಗಿ ನಗುತ್ತಿದ್ದಳು! ಅವಳು ಹಾಗೆ ನಕ್ಕಿದ್ದನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ನನಗೆ ಸಂತೋಷವಾಯಿತು, ಅದಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಯಿತು.

"ರೀ, ಎಡಕ್ಕೆ ತಿರುಗ್ಬೇಕು. ಕೈ ಆಚೆ ಆಕಿ!" ಎಂದಳು ಅರಕಲಗೂಡಿನಲ್ಲಿ.

ನಾನು ಎಡಗೈ ಹೊರಗೆ ಚಾಚಿ ಆಡಿಸಿದೆ. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜಿ ನಾನು ಕರೆಯುತ್ತಿದ್ದೇನೆ ಎಂದು ಓಡಿಬಂದು, ತನ್ನ ಮೂಟೆಯನ್ನು ನನ್ನ ತೊಡೆಯ ಮೇಲೆ ಎಸೆದು, ಸೀಟಿನ ಹಿಂದಿನ ಸಂದಿಗೆ ಹತ್ತಿ ಕೂತುಬಿಟ್ಟಳು!

"ಕೊಣನೂರಿಗೆ ಓಯ್ತದೇನವ್ವಾ?"

"ಓಯ್ತದೆ, ಕೂತ್ಕಳಜ್ಜಿ," ಎಂದಳು ಭಾಗ್ಯ, ಗೇರ್ ಬದಲಾಯಿಸುತ್ತಾ.

ಒಂದಷ್ಟು ದೂರ ಹೋದಮೇಲೆ ಅಜ್ಜಿ ಮುಂದಕ್ಕೆ ಬಾಗಿ, "ಬಲೇ ಚೆನ್ನಾಗಿ ಓಡುಸ್ತೀಯ ಕಣವ್ವ. ಇವ್ನ್ಯಾರು, ಕಂಡಕ್ಟ್ರಾ?" ಎಂದಳು.

"ಊಂ ಕಣಜ್ಜಿ."

ಮಾರನೆಯ ದಿನ ಯೋಗೇಶ ಕಾರು ಒಯ್ಯಲು ಗೂಡ್ಸ್ ಗಾಡಿ ಕಳಿಸಲೇ ಎಂದು ಫೋನ್ ಮಾಡಿದ. ನಾನು ಗೋಡೆಗೆ ಒರಗಿ ನಿಂತಿದ್ದೆ. "ಇಲ್ಲಪ್ಪ, ಕೊಡಾಕಾಗಲ್ಲ," ಎಂದಳು ಭಾಗ್ಯ. "ನನ್ಗೆ ಬೇಕು." ನಮಗೆ ಬೇಕು ಎಂದಿರಬಹುದು, ಗಾಳಿಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಗಾಳಿ ಇರಲಿಲ್ಲ.

ಈಗ ಆ ಕಾರಿಗೆ ಭಾಗ್ಯ ಆರಿಸಿದ ಬದನೆಕಾಯಿ ಬಣ್ಣ. ಸ್ತ್ರೀಶಕ್ತಿ ಸಂಘದ ಸಭೆಗೆ, ರಾಮನಾಥಪುರದ ಸಂತೆಗೆ, ತವರಿಗೆ ಎಲ್ಲ ಅದರಲ್ಲೇ ಹೋಗುತ್ತಾಳೆ. ಕೀಲಿ ಅವಳ ತಾಳಿಯ ಸರದ ಪಕ್ಕದಲ್ಲೇ ನೇತಾಡುತ್ತದೆ. ಹೇಗೂ ಮಾನ ಹೋಗಿದೆ, ಇನ್ನಾದರೂ ಎರಡು ಇಂಡಿಕೇಟರ್ ಹಾಕಿಬಿಡುತ್ತೇನೆ ಎಂದು ಆಚಾರಿ ಸಾಮಾನು ಹಿಡಿದುಕೊಂಡೇ ಬಂದಿದ್ದ. ಭಾಗ್ಯ ಒಪ್ಪಲಿಲ್ಲ. "ಯಾಕೆ ಸುಮ್ನೆ? ಬಲ್ಗಡೆಗೆ ನನ್ ಕೈ ಐತೆ. ಎಡ್ಗಡೆಗೆ ಇವ್ರವ್ರೆ," ಎಂದು ವಾಪಸು ಕಳಿಸಿದಳು.

ಹೀಗಾಗಿ ಆ ಕಾರಿನಲ್ಲಿ ನನಗೂ ಒಂದು ಸ್ಥಾನ ಸಿಕ್ಕಿದೆ. ಎಡಗಡೆಯ ಇಂಡಿಕೇಟರ್ ನಾನೇ. ಫ್ಯಾಕ್ಟರಿಯಿಂದ ಬಂದದ್ದಲ್ಲ; ಆಮೇಲೆ ಕೂರಿಸಿದ್ದು.